ತಿಕ್ಕಿದರೆ ನೋವೇಕೆ ಇಳಿಯುತ್ತದೆ?

ಸಂಜೆಯ ಹೊತ್ತು. ಹಾನಗಲ್ಲ ತಾಲೂಕಿನ ಒಂದು ಹಳ್ಳಿ. ಇಡೀ ದಿನ ಭತ್ತದ ಗದ್ದೆಯಲ್ಲಿ ಬಗ್ಗಿ ಕಳೆ ಕಿತ್ತ ರೈತನು ಮನೆಗೆ ಬಂದು, ಕೈಕಾಲು ತೊಳೆದು, ಪಡಸಾಲೆಯಲ್ಲಿ ಬೋರಲಾಗಿ ಮಲಗುತ್ತಾನೆ. “ಬಾರಪಾ, ಬೆನ್ನ ಸ್ವಲ್ಪ ತುಳಿ” ಎಂದು ಐದಾರು ವರ್ಷದ ಮಗನನ್ನು ಕರೆಯುತ್ತಾನೆ. ಹುಡುಗನು ಗೋಡೆಯನ್ನು ಹಿಡಿದುಕೊಂಡು ತಂದೆಯ ಬೆನ್ನಿನ ಮೇಲೆ ಹತ್ತಿ, ಸೊಂಟದಿಂದ ಹೆಗಲಿನವರೆಗೆ ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತಾನೆ. ತಂದೆಯು ನರಳುತ್ತಾನೆ, ಆದರೆ ಆ ನರಳಿಕೆ ಸುಖದ್ದು. ಶಿಗ್ಗಾಂವಿಯ ಕಡೆ ಹತ್ತಿ ಬಿಡಿಸಿ ಬಂದವರ ಮನೆಯಲ್ಲಿ, ಸವಣೂರಿನ ಎಲೆತೋಟದಲ್ಲಿ ದುಡಿದು ಬಂದವರ ಮನೆಯಲ್ಲಿ, ಹಿರೇಕೆರೂರಿನಲ್ಲಿ ಗೋವಿನಜೋಳದ ಚೀಲ ಹೊತ್ತು ಬಂದವರ ಮನೆಯಲ್ಲಿ ಈ ದೃಶ್ಯವು ಹೊಸದಲ್ಲ. ಈ ಲೇಖಕನೂ ಬಾಲ್ಯದಲ್ಲಿ ತನ್ನ ತಂದೆಯ ಬೆನ್ನು ತುಳಿದವನೇ.

ನೊಂದ ಬೆನ್ನನ್ನು ತುಳಿದರೆ ನೋವು ಹೆಚ್ಚಾಗಬೇಕಷ್ಟೆ? ಅದು ಇಳಿಯುವುದೇಕೆ? ಭೌತಶಾಸ್ತ್ರವನ್ನು ಕಲಿಸುವವನಿಗೆ ಮೊದಲು ಹೊಳೆಯುವುದು ಲೆಕ್ಕ. ಹುಡುಗನ ತೂಕ 18 ಕಿಲೋಗ್ರಾಂ ಎಂದೂ, ಅವನ ಎರಡು ಅಂಗಾಲುಗಳು ಬೆನ್ನನ್ನು ಮುಟ್ಟುವ ಜಾಗ ಒಟ್ಟು 110 ಚದರ ಸೆಂಟಿಮೀಟರ್ ಎಂದೂ ಇಟ್ಟುಕೊಳ್ಳೋಣ. ಆಗ ಚದರ ಸೆಂಟಿಮೀಟರಿಗೆ ಸುಮಾರು 164 ಗ್ರಾಂ ಭಾರ ಬೀಳುತ್ತದೆ. ಪಾದರಸದ ಸಾಂದ್ರತೆ 13.6 ಆದುದರಿಂದ, ಇಷ್ಟು ಒತ್ತಡವು 12 ಸೆಂಟಿಮೀಟರ್, ಎಂದರೆ 120 ಮಿಲಿಮೀಟರ್ ಎತ್ತರದ ಪಾದರಸದ ಕಂಬಕ್ಕೆ ಸಮ. ವೈದ್ಯರು ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನು ಅಳೆಯುವಾಗ ಆರೋಗ್ಯವಂತನಲ್ಲಿ ಕಾಣುವ ಮೇಲಿನ ಅಂಕಿಯೂ ಇದೇ! ಹುಡುಗನು ಒಂದು ಕಾಲು ಎತ್ತಿದಾಗ ಒತ್ತಡವು ಎರಡರಷ್ಟಾಗುತ್ತದೆ.

ಈಗ ಕೈಯ ವಿಷಯ. ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಅಂಗೈಯಿಂದ ಹದವಾಗಿ ಒತ್ತಿ ನೋಡಿರಿ. ನಾನು ಒತ್ತಿದಾಗ ಮುಳ್ಳು 5 ಕಿಲೋಗ್ರಾಮಿನ ಬಳಿ ನಿಂತಿತು. ಅಂಗೈಯ ವಿಸ್ತಾರ 80 ಚದರ ಸೆಂಟಿಮೀಟರ್ ಎಂದರೆ, ಒತ್ತಡವು ಪಾದರಸದ 46 ಮಿಲಿಮೀಟರಿನಷ್ಟು. ಅದೇ 5 ಕಿಲೋಗ್ರಾಂ ಭಾರವನ್ನು 2 ಚದರ ಸೆಂಟಿಮೀಟರಿನ ಹೆಬ್ಬೆರಳ ತುದಿಯಿಂದ ಹಾಕಿದರೆ ಒತ್ತಡವು 1800 ಮಿಲಿಮೀಟರನ್ನು ದಾಟುತ್ತದೆ. ಒಂದೇ ಬಲ, ಒಂದೇ ದೇಹ. ಆದರೆ ಒತ್ತಡದಲ್ಲಿ ನಲವತ್ತು ಪಟ್ಟು ಅಂತರ! ಅಂಗೈಯಿಂದ ಒತ್ತುವವನಿಗೂ ಹೆಬ್ಬೆರಳನ್ನು ಊರುವವನಿಗೂ ಇರುವ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಅಂಗಮರ್ದನವು ನಮ್ಮ ನಾಡಿಗೆ ಹಳೆಯದು. ಹಾನಗಲ್ಲು ಪಾನುಂಗಲ್ ಎನಿಸಿಕೊಂಡಿದ್ದ ಕಾಲದಲ್ಲಿ ಅಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದರು. ಆ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಉಪಭೋಗಗಳನ್ನು ಎಣಿಸುವಾಗ ಪಾದಾಭ್ಯಂಗಕ್ಕೆ, ಎಂದರೆ ಕಾಲಿಗೆ ಎಣ್ಣೆ ನೀವಿಸಿಕೊಳ್ಳುವುದಕ್ಕೆ, ಪ್ರತ್ಯೇಕ ಸ್ಥಾನವನ್ನು ಕೊಟ್ಟಿದೆ. ಅರಸನಿಗೆ ಅದು ಭೋಗ. ಗರಡಿಮನೆಯ ಪೈಲವಾನನಿಗೆ ದಿನಚರಿ. ಬಾಣಂತಿಗೂ ಕೂಸಿಗೂ ಆರೈಕೆ. ನಮ್ಮ ಭಾಷೆಯಲ್ಲಿಯೂ ಇದಕ್ಕೆ ಶಬ್ದಗಳ ಬಡತನವಿಲ್ಲ. ನೀವುವುದು ಬೇರೆ, ನಾದುವುದು ಬೇರೆ, ತಿಕ್ಕುವುದು ಬೇರೆ, ತಟ್ಟುವುದು ಬೇರೆ. 19ನೆಯ ಶತಮಾನದಲ್ಲಿ ಹಾಲೆಂಡಿನ ವೈದ್ಯ ಯೋಹಾನ್ ಮೆಟ್ಸ್‌ಗರ್ ಮತ್ತು ಅವನ ಶಿಷ್ಯರು ಇವೇ ನಾಲ್ಕು ಕ್ರಿಯೆಗಳಿಗೆ ಫ್ರೆಂಚ್ ಹೆಸರುಗಳನ್ನು ಇಟ್ಟು ಯುರೋಪಿನ ವೈದ್ಯಕೀಯದಲ್ಲಿ ಬಳಕೆಗೆ ತಂದರು. ಇಂದು ನಾವು ತಲೆಗೆ ಹಾಕಿಕೊಳ್ಳುವ ‘ಶಾಂಪೂ’ ಕೂಡ ಹಿಂದಿಯ ‘ಚಾಂಪೋ’, ಎಂದರೆ ಒತ್ತು, ಎಂಬುದರಿಂದ ಹುಟ್ಟಿದ ಮಾತು. ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತನು 19ನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನು ತೆರೆದು ಈ ಶಬ್ದವನ್ನೂ ವಿದ್ಯೆಯನ್ನೂ ಅಲ್ಲಿ ಪ್ರಸಿದ್ಧಿಗೆ ತಂದನು.

ಇನ್ನು ಪ್ರಶ್ನೆಗೆ ಬರೋಣ. ತಿಕ್ಕಿದರೆ ನೋವು ಇಳಿಯುವುದೇಕೆ ಎಂದು ಕೇಳಿದರೆ ನಾಲ್ಕು ಉತ್ತರಗಳು ಸಿಗುತ್ತವೆ: ಎಣ್ಣೆ ಕೀಲಿಗೆ ಇಳಿಯುತ್ತದೆ, ತಿಕ್ಕಿದ ಕಾವು ಒಳಗೆ ಹೋಗುತ್ತದೆ, ಗಂಟು ಕಟ್ಟಿದ ಮಾಂಸವು ಬಿಡುತ್ತದೆ, ರಕ್ತ ಓಡಾಡುತ್ತದೆ. ಒಂದೊಂದನ್ನೂ ಒರೆಗೆ ಹಚ್ಚಬೇಕು.

ಎಣ್ಣೆಯ ಮಾತು ಬಹು ಪ್ರಾಚೀನವಾದುದು. ಎಣ್ಣೆಯಿಂದ ಗಾಡಿಯ ಅಚ್ಚು ಗಟ್ಟಿಯಾಗುವಂತೆ ಅಭ್ಯಂಗದಿಂದ ದೇಹವು ದೃಢವಾಗುತ್ತದೆ ಎಂಬ ಹೋಲಿಕೆಯು ಚರಕ ಸಂಹಿತೆಯಲ್ಲಿಯೇ ಇದೆ. ಸುಂದರವಾದ ಹೋಲಿಕೆ, ಆದರೆ ಅಚ್ಚಿಗೆ ಎಣ್ಣೆಯನ್ನು ನೇರವಾಗಿ ಹಾಕುತ್ತೇವೆ, ಮೊಣಕಾಲಿಗೆ ಹಾಗೆ ಹಾಕಲು ಬಾರದು. ನಡುವೆ ಚರ್ಮವಿದೆ. ಅದರ ಅತ್ಯಂತ ಹೊರಗಿನ ಪದರವು ಹೆಚ್ಚಿನ ಕಡೆಗಳಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದಷ್ಟೇ ದಪ್ಪ. ಆದರೂ ಎಣ್ಣೆಯ ದೊಡ್ಡ ಅಣುಗಳು ಬಹುಮಟ್ಟಿಗೆ ಅಲ್ಲಿಯೇ ನಿಂತುಬಿಡುತ್ತವೆ. ಕೀಲಿನೊಳಗಿನ ಜಾರುದ್ರವವನ್ನು ಕೀಲಿನ ಒಳಪೊರೆಯು ತಾನೇ ತಯಾರಿಸಿಕೊಳ್ಳುತ್ತದೆ. ಹಾಗಾದರೆ ಎಣ್ಣೆ ವ್ಯರ್ಥವೆ? ಅಲ್ಲ. ಅದು ಕೀಲಿಗೆ ಅಲ್ಲದಿದ್ದರೂ, ತಿಕ್ಕುವ ಕೈಗೂ ಚರ್ಮಕ್ಕೂ ನಡುವೆ ಅಚ್ಚೆಣ್ಣೆಯಾಗುತ್ತದೆ. ನಮ್ಮ ಹಿರಿಯರು ಔಡಲೆಣ್ಣೆಯನ್ನು ಬೆಚ್ಚಗೆ ಮಾಡಿಯೇ ಹಚ್ಚುತ್ತಿದ್ದುದರಲ್ಲಿಯೂ ಅರ್ಥವಿದೆ. 20 ಡಿಗ್ರಿ ಉಷ್ಣತೆಯಲ್ಲಿ ಔಡಲೆಣ್ಣೆಯ ಸ್ನಿಗ್ಧತೆಯು ನೀರಿನದಕ್ಕಿಂತ ಸುಮಾರು ಸಾವಿರ ಪಟ್ಟು. 40 ಡಿಗ್ರಿಗೆ ಕಾಯಿಸಿದರೆ ಅದು ಹತ್ತಿರ ಹತ್ತಿರ ಕಾಲುಭಾಗಕ್ಕೆ ಇಳಿಯುತ್ತದೆ.

ಕಾವಿನ ಲೆಕ್ಕ ಇನ್ನೂ ಸುಲಭ. 2 ಕಿಲೋಗ್ರಾಮಿನಷ್ಟು ಭಾರ ಹಾಕಿ, ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ, ಎಣ್ಣೆ ಹಚ್ಚಿದ ಚರ್ಮದ ಮೇಲೆ ಕೈಯಾಡಿಸಿದರೆ, ಘರ್ಷಣಾಂಕವನ್ನು 0.1 ಎಂದು ಹಿಡಿದಾಗ ಸೆಕೆಂಡಿಗೆ ಹುಟ್ಟುವ ಶಾಖ 0.6 ಜೂಲ್. ಹತ್ತು ನಿಮಿಷ ಬಿಡದೆ ತಿಕ್ಕಿದರೂ 360 ಜೂಲ್. ಒಂದು ಲೀಟರು ಬಿಸಿನೀರು ತುಂಬಿದ ರಬ್ಬರಿನ ಚೀಲವು 50 ಡಿಗ್ರಿಯಿಂದ 40 ಡಿಗ್ರಿಗೆ ಆರುವಾಗ ಬಿಟ್ಟುಕೊಡುವ ಶಾಖವು 42,000 ಜೂಲ್; ನೂರು ಪಟ್ಟಿಗೂ ಮಿಕ್ಕಿದ್ದು. ಕಾವೇ ಬೇಕಾದರೆ ಬಿಸಿನೀರಿನ ಚೀಲವೇ ಮೇಲು. ತಿಕ್ಕಿದ ಜಾಗ ಬೆಚ್ಚಗಾಗುವುದು ಮುಖ್ಯವಾಗಿ ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗಿ, ಒಳಗಿನ ಬೆಚ್ಚನೆಯ ರಕ್ತ ಮೇಲಕ್ಕೆ ಬರುವುದರಿಂದ.

ಮೂರನೆಯದು ಗಂಟು ಬಿಡುವ ಮಾತು. ಮಾಂಸಖಂಡಗಳನ್ನು ಬಿಳಿಯ ಬಿಗಿ ಪೊರೆಗಳು ಹೊದೆದಿವೆ. ಕೈಯಿಂದ ಒತ್ತಿ ಈ ಪೊರೆಗಳನ್ನು ಎಳೆದು ಸಡಿಲಿಸುತ್ತೇವೆಂದು ಹೇಳುವವರು ಬಹಳ. 2008ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಇದಕ್ಕೆ ಎಷ್ಟು ಬಲ ಬೇಕೆಂದು ಗಣಿತದಿಂದ ಲೆಕ್ಕ ಹಾಕಿದರು. ತೊಡೆಯ ಹೊರಬದಿಯ ದಪ್ಪ ಪೊರೆಯನ್ನು ನೂರಕ್ಕೆ ಒಂದು ಪಾಲು ಅದುಮಿ, ನೂರಕ್ಕೆ ಒಂದು ಪಾಲು ಸರಿಸಬೇಕಾದರೆ ನೇರವಾಗಿ ಒತ್ತುವ ಭಾರವೇ 900 ಕಿಲೋಗ್ರಾಮಿಗೂ ಹೆಚ್ಚು ಬೇಕೆಂದು ಕಂಡಿತು. ಯಾವ ಪೈಲವಾನನ ಕೈಯಲ್ಲಿ ಅಷ್ಟು ಕಸುವುಂಟು? ದಣಿದ ಮಾಂಸಖಂಡದಲ್ಲಿ ಸೇರಿದ ಲ್ಯಾಕ್ಟಿಕ್ ಆಮ್ಲವನ್ನು ತಿಕ್ಕಿ ಹೊರಹಾಕುತ್ತೇವೆಂಬ ಇನ್ನೊಂದು ಮಾತೂ ನಿಲ್ಲುವಂತಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ 11 ಜನ ತರುಣರನ್ನು ಸಾಕುಸಾಕಾಗುವವರೆಗೆ ಸೈಕಲ್ ತುಳಿಸಿ, ಒಂದೇ ಕಾಲಿಗೆ ಹತ್ತು ನಿಮಿಷ ಮಾಲೀಸು ಮಾಡಿ, ಎರಡೂ ಕಾಲುಗಳ ಮಾಂಸದ ಚೂರನ್ನು ತೆಗೆದು ಪರೀಕ್ಷಿಸಿದರು. ಲ್ಯಾಕ್ಟಿಕ್ ಆಮ್ಲದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ತಿಕ್ಕಿದ ಕಾಲಿನಲ್ಲಿ ಉರಿಯೂತವನ್ನು ಎಬ್ಬಿಸುವ ಸಂಕೇತಗಳು ಕಡಿಮೆಯಾಗಿದ್ದವು. ಅಂದಮೇಲೆ ಮಾಲೀಸು ಏನೂ ಮಾಡುವುದಿಲ್ಲವೆಂದು ಹೇಳಲೂ ಬರುವುದಿಲ್ಲ.

ರಕ್ತದ ಮಾತಿನಲ್ಲಿ ಅರ್ಧ ಸತ್ಯವುಂಟು. ಅದನ್ನು ತಮ್ಮ ಕೈಯಲ್ಲೇ ವಾಚಕರು ನೋಡಬಹುದು. ಎಡಗೈಯನ್ನು ಅರ್ಧ ನಿಮಿಷ ಕೆಳಗೆ ಜೋಲುಬಿಡಿರಿ. ನೀಲಿಯ ಅಭಿಧಮನಿಗಳು ಉಬ್ಬಿ ಕಾಣುತ್ತವೆ. ಮಣಿಕಟ್ಟಿನ ಬಳಿ ಒಂದು ಅಭಿಧಮನಿಯನ್ನು ಬಲಗೈಯ ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ಕಡೆಗೆ ನೀವಿರಿ. ನೀವಿದ ಭಾಗವು ಬರಿದಾಗಿ ಚಪ್ಪಟೆಯಾಗುತ್ತದೆ. ನೀವಿದ ಬೆರಳನ್ನು ತೆಗೆದರೂ ಮೇಲಿನ ರಕ್ತವು ಹಿಂದಕ್ಕೆ ಬರುವುದಿಲ್ಲ. ಒಂದು ಸಣ್ಣ ಗಂಟಿನ ಬಳಿ ತಡೆದು ನಿಲ್ಲುತ್ತದೆ. ಆ ಗಂಟೇ ಕವಾಟ. ಒತ್ತಿದ ಬೆರಳನ್ನು ಎತ್ತಿದೊಡನೆ ನಾಳವು ಕೆಳಗಿನಿಂದ ತುಂಬಿಕೊಳ್ಳುತ್ತದೆ. ರಕ್ತವು ಅಭಿಧಮನಿಗಳಲ್ಲಿ ಹೃದಯದ ಕಡೆಗೆ ಮಾತ್ರ ಹರಿಯುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಇಂಥದೇ ಪ್ರಯೋಗದಿಂದ ತೋರಿಸಿದನು. ಮಲಗಿದವನ ಅಭಿಧಮನಿಗಳಲ್ಲಿ ಒತ್ತಡವು ಪಾದರಸದ ಹತ್ತಿಪ್ಪತ್ತು ಮಿಲಿಮೀಟರಿನೊಳಗೆ. ನಮ್ಮ ಅಂಗೈಯ 46 ಮಿಲಿಮೀಟರು ಅವುಗಳನ್ನು ಬರಿದು ಮಾಡಲು ಧಾರಾಳವಾಗಿ ಸಾಕು. ಹೆಬ್ಬೆರಳಿನ 1800 ಮಿಲಿಮೀಟರು ಏತಕ್ಕೂ ಬೇಡ. ಕೈಕಾಲುಗಳನ್ನು ತುದಿಯಿಂದ ಮೇಲಕ್ಕೆ ನೀವಬೇಕೆಂಬ ರೂಢಿಗೆ ಆಧಾರವೂ ಈ ಕವಾಟಗಳೇ. ಆದರೆ ಅಪಧಮನಿಗಳಿಂದ ಮಾಂಸಖಂಡಕ್ಕೆ ಬರುವ ರಕ್ತದ ಸಂಗತಿ ಬೇರೆ. 1997ರಲ್ಲಿ ಕೆನಡಾದ ಸಂಶೋಧಕರು ಶಬ್ದಾತೀತ ತರಂಗಗಳಿಂದ ಅದನ್ನು ಅಳೆದಾಗ ಮಾಲೀಸಿನಿಂದ ಹರಿವು ಹೆಚ್ಚಲಿಲ್ಲ. ಅದೇ ಅಂಗವನ್ನು ತಾವೇ ಹಗುರವಾಗಿ ಆಡಿಸಿದಾಗ ಹೆಚ್ಚಿತು.

ಹೀಗೆ ನಾಲ್ಕು ಉತ್ತರಗಳೂ ಪೂರ್ತಿ ಸಾಲವು. ಆದರೂ ನೋವು ಇಳಿಯುವುದಂತೂ ದಿಟ. ಎಲ್ಲಿ ಇಳಿಯುತ್ತದೆ?

ಬಾಗಿಲ ಚೌಕಟ್ಟಿಗೆ ಹಣೆ ತಾಗಿತೆನ್ನಿ. ಯಾರೂ ಹೇಳಿಕೊಡದೆಯೇ ಕೈ ಅಲ್ಲಿಗೆ ಹೋಗಿ ಉಜ್ಜುತ್ತದೆ. ಕೀಲಿನಲ್ಲಿಲ್ಲದ, ಕಾವಿನಲ್ಲಿಲ್ಲದ ಉತ್ತರವು ಈ ಸಣ್ಣ ಕ್ರಿಯೆಯಲ್ಲಿ ಅಡಗಿದೆ. ಚರ್ಮದಿಂದ ಬೆನ್ನುಹುರಿಗೆ ಸುದ್ದಿ ಒಯ್ಯುವ ಜ್ಞಾನತಂತುಗಳು ಒಂದೇ ಬಗೆಯವಲ್ಲ. ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ತಂತುಗಳಲ್ಲಿ ಸುದ್ದಿಯು ಸೆಕೆಂಡಿಗೆ ಸುಮಾರು 35ರಿಂದ 75 ಮೀಟರ್ ವೇಗದಲ್ಲಿ ಓಡುತ್ತದೆ. ಮಂದವಾದ, ಕೊರೆಯುವ ನೋವನ್ನು ಒಯ್ಯುವ ತೆಳು ತಂತುಗಳಲ್ಲಿ ವೇಗವು ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್ ಮಾತ್ರ. ಕಾಲ್ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರ್ ದೂರವೆಂದರೆ, ಸ್ಪರ್ಶವು ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಮುಟ್ಟುತ್ತದೆ. ಆ ನೋವಿಗೆ ಅರ್ಧ ಸೆಕೆಂಡಾದರೂ ಬೇಕು. ಕಾಲ್ಬೆರಳನ್ನು ಕಲ್ಲಿಗೆ ಎಡವಿದಾಗ, ಎಡವಿದ್ದು ಮೊದಲು ತಿಳಿದು, ಕೊರೆಯುವ ನೋವು ಆಮೇಲೆ ಏರಿಬರುವುದನ್ನು ಯಾರು ಅನುಭವಿಸಿಲ್ಲ?

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಈ ಎರಡು ಬಗೆಯ ತಂತುಗಳು ಬೆನ್ನುಹುರಿಯಲ್ಲಿ ಸಂಧಿಸುವ ಸ್ಥಳವನ್ನು ಒಂದು ಬಾಗಿಲಿಗೆ ಹೋಲಿಸಿದರು. ಸಂತೆಯ ದಿನ ಬಸ್ಸಿನ ಬಾಗಿಲನ್ನು ನೆನೆಯಿರಿ. ಚುರುಕಾದವರು ಗುಂಪಾಗಿ ನುಗ್ಗಿದರೆ ನಿಧಾನವಾಗಿ ಬಂದವನು ಹೊರಗೇ ಉಳಿಯುತ್ತಾನೆ. ಉಪಮೆಯು ಪೂರ್ತಿ ಒಪ್ಪುವುದಿಲ್ಲ, ಇಲ್ಲಿ ನೂಕುನುಗ್ಗಲಿಲ್ಲ. ದಪ್ಪ ತಂತುಗಳಿಂದ ಬಂದ ಸ್ಪರ್ಶದ ಸುದ್ದಿಯು ಕೆಲವು ತಡೆಯುವ ನರಕೋಶಗಳನ್ನು ಎಚ್ಚರಿಸುತ್ತದೆ, ಅವು ನೋವಿನ ಸುದ್ದಿಯನ್ನು ಮಿದುಳಿಗೆ ಸಾಗಗೊಡದೆ ತಗ್ಗಿಸುತ್ತವೆ. ಬಾಗಿಲನ್ನು ಮೇಲಿನಿಂದ ಮಿದುಳೂ ಮುಚ್ಚಬಲ್ಲದು. ಭಯವು ಅದನ್ನು ತೆರೆಯುತ್ತದೆ, ನೆಮ್ಮದಿಯು ಮುಚ್ಚುತ್ತದೆ. ಈ ಸಿದ್ಧಾಂತದ ವಿವರಗಳು ಅನಂತರ ಎಷ್ಟೋ ತಿದ್ದುಪಡಿಗೊಂಡಿವೆ. ಮೂಲ ವಿಚಾರವು ಮಾತ್ರ ಉಳಿದುಕೊಂಡಿದೆ.

ಸ್ಪರ್ಶವನ್ನು ಗ್ರಹಿಸುವ ಅಣುವು ಯಾವುದೆಂಬುದು ಬಹುಕಾಲ ತಿಳಿದಿರಲಿಲ್ಲ. ಒತ್ತಿದಾಗ ತೆರೆದುಕೊಳ್ಳುವ ‘ಪಿಯೆಜೊ’ ಎಂಬ ಪ್ರೋಟೀನುಗಳನ್ನು ಆರ್ಡೆಮ್ ಪಟಪೂಟಿಯನ್ನನ ಪ್ರಯೋಗಶಾಲೆಯು 2010ರಲ್ಲಿ ಗುರುತಿಸಿತು; 2021ರ ನೊಬೆಲ್ ಪಾರಿತೋಷಕದಲ್ಲಿ ಅವನಿಗೆ ಪಾಲು ದೊರೆಯಿತು. ಇನ್ನೂ ಸ್ವಾರಸ್ಯದ ಸಂಗತಿ: ಕೂದಲಿರುವ ಚರ್ಮದಲ್ಲಿ, ಮೆಲ್ಲನೆಯ ಸವರುವಿಕೆಗೆಂದೇ ಮೀಸಲಾದ ತೆಳು ತಂತುಗಳಿವೆ. 2009ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಅವು ಹೆಚ್ಚಾಗಿ ಮಿಡಿಯುವುದು ಕೈಯು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರಿನೊಳಗೆ ಚಲಿಸಿದಾಗ. ಜನರು ಹಿತವೆಂದು ಹೇಳುವ ವೇಗವೂ ಅದೇ. ಜ್ವರ ಬಂದ ಮಗುವಿನ ಹಣೆಯನ್ನು ನೇವರಿಸುವ ತಾಯಿಯ ಕೈಗೆ ಗಡಿಯಾರ ಹಿಡಿದು ನೋಡಿರಿ.

ಕೂಸುಗಳ ವಿಷಯ ಬಂದುದರಿಂದ ಒಂದು ಮಾತು. ಅಮೆರಿಕದ ಮಯಾಮಿಯಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಅವಧಿಗೆ ಮೊದಲೇ ಹುಟ್ಟಿದ ಕೂಸುಗಳನ್ನು ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷದಂತೆ, ಹತ್ತು ದಿನ ನೀವಿಸಿದರು. 1986ರಲ್ಲಿ ಅವರು ಪ್ರಕಟಿಸಿದಂತೆ, ಆ ಕೂಸುಗಳ ತೂಕವು ನೀವಿಸದ ಕೂಸುಗಳಿಗಿಂತ ದಿನಕ್ಕೆ ನೂರಕ್ಕೆ 47ರಷ್ಟು ಹೆಚ್ಚಾಗಿ ಏರಿತು. ನಮ್ಮಲ್ಲಿ ಕೂಸಿಗೆ ಎರೆಯುವ ಅಜ್ಜಿಯರಿಗೆ ಇದು ಹೊಸ ಸುದ್ದಿಯೇನಲ್ಲ. ಆದರೆ ಎರೆಯುವಾಗ ಮೂಗಿಗೂ ಕಿವಿಗೂ ಎಣ್ಣೆ ಬಿಡುವ ರೂಢಿಯನ್ನು ಮಾತ್ರ ನಿಲ್ಲಿಸಲೇಬೇಕು. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೂಸಿಗೆ ನ್ಯುಮೋನಿಯಾ ಬರುತ್ತದೆ.

ಇಷ್ಟು ತಿಳಿದ ಮೇಲೆ, ಗಟ್ಟಿಯಾಗಿ ತಿಕ್ಕಿದಷ್ಟೂ ಗುಣ ಹೆಚ್ಚು ಎಂಬ ನಂಬಿಕೆಗೆ ಆಧಾರವಿಲ್ಲವೆಂಬುದು ಸ್ಪಷ್ಟ. ಕೆಲಸ ನಡೆಯುವುದು ಬಹುಮಟ್ಟಿಗೆ ಸುದ್ದಿಯಿಂದ. ಸುದ್ದಿಗೆ ಅಂಗೈಯ ಹದವಾದ ಒತ್ತಡವೇ ಸಾಕು. ಕಸುವು ಹೆಚ್ಚಿದಷ್ಟೂ ಹೆಚ್ಚುವುದು ಅಪಾಯ. ಮುರಿದ ಎಲುಬನ್ನು ನಾದಿದರೆ ಅದು ಇನ್ನಷ್ಟು ಸರಿಯುತ್ತದೆ. ಮುಪ್ಪಿನಲ್ಲಿ ಟೊಳ್ಳಾದ ಬೆನ್ನೆಲುಬು ತುಳಿತಕ್ಕೆ ಕುಸಿಯಬಲ್ಲದು. ಕ್ಷೌರದಂಗಡಿಯಲ್ಲಿ ಕತ್ತನ್ನು ಫಕ್ಕನೆ ತಿರುಗಿಸಿ ಲಟಕ್ಕೆನಿಸುವಾಗ ಮಿದುಳಿಗೆ ಹೋಗುವ ಅಪಧಮನಿಯ ಒಳಪದರವು ಹರಿದುಹೋಗುವುದುಂಟು. ಎಡಹೆಗಲಿಗೆ ಹಬ್ಬಿದ ಎದೆನೋವನ್ನು ವಾಯುವೆಂದು ತಿಳಿದು ತಿಕ್ಕಿಸುತ್ತ ಕೂಡುವವನು ಹೃದಯಾಘಾತಕ್ಕೆ ಸಲ್ಲಬೇಕಾದ ಚಿಕಿತ್ಸೆಯ ಹೊತ್ತನ್ನು ಕಳೆದುಕೊಳ್ಳುತ್ತಾನೆ.

ಇವೆಲ್ಲಕ್ಕಿಂತ ಹೆಚ್ಚು ಮರೆಯಾಗಿರುವ ಅಪಾಯವೊಂದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲಿಯೇ. ನನ್ನ ಸೋದರಮಾವನವರಿಗೆ ಅರವತ್ತು ದಾಟಿದೆ. ಕಾಲುವೆಯ ಏರಿಯಲ್ಲಿ ಜಾರಿ ಕಾಲು ಮುರಿದು, ಆರು ವಾರ ಪ್ಲಾಸ್ಟರಿನಲ್ಲಿದ್ದರು. ಪ್ಲಾಸ್ಟರು ಬಿಚ್ಚಿದ ನಾಲ್ಕಾರು ದಿನಕ್ಕೆ ಮೀನಖಂಡವು ಬಾತು, ಮುಟ್ಟಿದರೆ ಬಿಸಿಯಾಗಿ, ನೋಯತೊಡಗಿತು. ನೀರು ಇಳಿದಿದೆ, ತಿಕ್ಕಿದರೆ ಹೋಗುತ್ತದೆ ಎಂದು ಎಲ್ಲರೂ ಅಂದರು. ಹಾರ್ವೆಯ ಕವಾಟಗಳನ್ನು ಬಲ್ಲ ನಾನೂ ಹೌದೆಂದೆ. ಗರಡಿಯಲ್ಲಿ ಕೈ ಪಳಗಿದ, ಊರಿನ ಹಳೆಯ ಪೈಲವಾನರೊಬ್ಬರನ್ನು ನಾನೇ ಹೋಗಿ ಕರೆತಂದೆ. ಅವರು ಬಟ್ಟಲಿನಲ್ಲಿ ಎಣ್ಣೆ ಕಾಯಿಸಿ ಕೂತಿದ್ದಾಗ, ನರ್ಸ್ ಕೆಲಸದಲ್ಲಿರುವ ಮಾವನ ಸೊಸೆ ಒಳಗೆ ಬಂದಳು. ಎರಡೂ ಕಾಲುಗಳನ್ನು ದಾರದಿಂದ ಅಳೆದು ನೋಡಿದವಳೇ, “ಅಜ್ಜಾರ, ಮುಟ್ಟಬ್ಯಾಡ್ರಿ. ಮೊದಲ ದವಾಖಾನಿಗೆ ಹೋಗೂಣು” ಎಂದಳು.

ಆಸ್ಪತ್ರೆಯಲ್ಲಿ ಶಬ್ದಾತೀತ ತರಂಗದ ಪರೀಕ್ಷೆ ಮಾಡಿದರು. ಯಂತ್ರದ ಹಿಡಿಯಿಂದ ಅಭಿಧಮನಿಯನ್ನು ಮೆಲ್ಲನೆ ಒತ್ತುತ್ತಾರೆ. ಆರೋಗ್ಯದ ನಾಳವಾದರೆ ಚಪ್ಪಟೆಯಾಗಬೇಕು. ಮಾವನವರ ನಾಳ ಚಪ್ಪಟೆಯಾಗಲಿಲ್ಲ. ಹರಿವನ್ನು ತೋರಿಸುವ ಬಣ್ಣವೂ ಅಲ್ಲಿ ಮೂಡಲಿಲ್ಲ. ಆ ಬಣ್ಣಕ್ಕೆ ಆಧಾರವಾದದ್ದು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ, ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವ ತತ್ವ. ನಾಳದೊಳಗೆ ರಕ್ತ ಹೆಪ್ಪುಗಟ್ಟಿತ್ತು. ಬಹುದಿನ ಅಲುಗಾಡದ ಕಾಲಿನಲ್ಲಿ ಹೀಗಾಗುವುದುಂಟು. ಕಾಲಿನ ಹೆಪ್ಪು ಕಳಚಿ, ದೊಡ್ಡ ಅಭಿಧಮನಿಯ ಮೂಲಕ ಹೃದಯದ ಬಲಭಾಗವನ್ನು ಹಾದು ಶ್ವಾಸಕೋಶದ ನಾಳವನ್ನು ಮುಚ್ಚಬಲ್ಲದೆಂಬುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 19ನೆಯ ಶತಮಾನದ ನಡುವಿನಲ್ಲಿಯೇ ವಿವರಿಸಿದ್ದನು. ದೊಡ್ಡ ಹೆಪ್ಪಾದರೆ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ರಕ್ತವನ್ನು ಹೃದಯದ ಕಡೆಗೆ ತಳ್ಳುವ ಅದೇ 46 ಮಿಲಿಮೀಟರಿನ ಅಂಗೈಯು ಅಂದು ಹೆಪ್ಪನ್ನೂ ಅದೇ ದಾರಿಯಲ್ಲಿ ತಳ್ಳಬಹುದಾಗಿತ್ತು. ಕವಾಟಗಳು ಹಿಂದಕ್ಕೆ ಹೋಗುವುದನ್ನು ತಡೆಯುತ್ತವೆ, ಮುಂದಕ್ಕೆ ಹೋಗುವುದನ್ನಲ್ಲ.

ಆದುದರಿಂದ ಹಾಸಿಗೆ ಹಿಡಿದು ಎದ್ದವರಲ್ಲಿ, ಶಸ್ತ್ರಚಿಕಿತ್ಸೆಯಾದವರಲ್ಲಿ, ಬಾಣಂತಿಯರಲ್ಲಿ ಒಂದೇ ಕಾಲು ಬಾತು ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆಯ ಬಟ್ಟಲನ್ನು ದೂರವಿಟ್ಟು ವೈದ್ಯರಲ್ಲಿಗೆ ಹೋಗಬೇಕು. ದುಡಿದು ದಣಿದ ಬೆನ್ನಿಗೆ ಈ ಭಯವಿಲ್ಲ. ಸೊಂಟನೋವಿಗೆ ಮಾಲೀಸಿನ ಗುಣವನ್ನು ಕುರಿತ 25 ಪ್ರಯೋಗಗಳನ್ನು, ಸುಮಾರು ಮೂರು ಸಾವಿರ ರೋಗಿಗಳ ವಿವರಗಳನ್ನು, 2015ರಲ್ಲಿ ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡದ್ದು ಇಷ್ಟು: ಕೆಲಕಾಲ ನೋವು ತಗ್ಗುತ್ತದೆ, ಬಹುಕಾಲದ ಗುಣಕ್ಕೆ ಪುರಾವೆಯಿಲ್ಲ, ಪ್ರಯೋಗಗಳೂ ಅಷ್ಟೊಂದು ಗಟ್ಟಿಯಾದವಲ್ಲ. ಕೆಲಕಾಲವೆಂದರೂ ಅದು ಕಡಿಮೆಯೇನಲ್ಲ. ಗದ್ದೆಯಿಂದ ಬಂದವನಿಗೆ ಬೇಕಾಗಿರುವುದು ಆ ರಾತ್ರಿಯ ನಿದ್ರೆ.

ಮಾವನವರು ರಕ್ತವನ್ನು ತೆಳುಗೊಳಿಸುವ ಔಷಧಿಯನ್ನು ತಿಂಗಳುಗಟ್ಟಲೆ ತೆಗೆದುಕೊಂಡು ಈಗ ಗದ್ದೆಗೆ ಹೋಗಿಬರುತ್ತಾರೆ. ಪೈಲವಾನ ಅಜ್ಜನವರು ಇಂದಿಗೂ ಊರಿನವರ ಬೆನ್ನು ನಾದುತ್ತಾರೆ. ಆದರೆ ಕಾಲು ತಿಕ್ಕಲು ಯಾರಾದರೂ ಕರೆದರೆ, ಎಣ್ಣೆ ಕಾಯಿಸುವ ಮೊದಲು ಅಂಗಿಯ ಕಿಸೆಯಿಂದ ಒಂದು ದಾರವನ್ನು ತೆಗೆದು ಎರಡೂ ಮೀನಖಂಡಗಳನ್ನು ಅಳೆಯುತ್ತಾರೆ.